ಬಿತ್ತನೆಗೆ ಎರಡು

ನಾಲ್ಕು ಬೆಳಗು ಬೋನುಗಳು ಖಾಲಿ ಬಂದವು. ಪೂರ್ತಿ ಖಾಲಿ ಎನ್ನುವಂತಿಲ್ಲ. ಎರಡನೆಯ ದಿನ ಒಂದು ಚಿಟ್ಟಿಲಿ ಸಿಕ್ಕಿತ್ತು. ಹೆಬ್ಬೆರಳಿಗಿಂತ ತುಸು ದೊಡ್ಡದು. ಧರಣಿ ಅದನ್ನು ಬಟ್ಟೆಯ ಚೀಲಕ್ಕೆ ಇಳಿಸಿ ತೂಗಿದಳು, ಬಾಲ ಅಳೆದಳು, ಗುರುತಿಗೆಂದು ಬೆನ್ನಿನ ಕೂದಲನ್ನು ಕಡಲೆಕಾಳಿನಗಲ ಕತ್ತರಿಸಿದಳು, ಸಿಕ್ಕಿದ ಜಾಗದಲ್ಲೇ ಬಿಟ್ಟಳು. ಅವಳ ತಾತ ಸಣ್ಣಯ್ಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ನೋಡಿದ.

"ಇದಕ್ಕೆ ಕ್ಷೌರ ಬೇರೆ ಕೇಡು," ಅಂದ.

"ನಾಳೆ ಇದೇ ಬಂದ್ರೆ ಗೊತ್ತಾಗ್ಬೇಕಲ್ಲ ತಾತ. ಇಲ್ದಿದ್ರೆ ಒಂದನ್ನೇ ಎರಡು ಸಲ ಎಣಿಸ್ಬಿಡ್ತೀವಿ."

"ನಾನು ಒಂದು ಸಲ ನೋಡಿದ್ ಇಲಿನ ಎರಡ್ನೇ ಸಲ ನೋಡಿದ್ದೇ ಇಲ್ಲ ಬುಡು."

ಅದು ನಿಜ. ಸಣ್ಣಯ್ಯ ನೋಡಿದ ಇಲಿ ಮತ್ತೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಪ್ಪತ್ತೈದು ವರ್ಷ ತುಂಬುವ ತನಕ ಅವನು ತಿ. ನರಸೀಪುರದ ನಾಲೆ ಬಯಲಿನಲ್ಲಿ ಗದ್ದೆ ಇಲಿ ಹಿಡಿಯುತ್ತಿದ್ದ. ಆಮೇಲೆ ಮೈಸೂರಿಗೆ ಬಂದು ದೇವರಾಜ ಮೊಹಲ್ಲಾದ ಒಂದು ಸಂಬಾರ ಪದಾರ್ಥದ ಮಳಿಗೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮೂಟೆ ಹೊತ್ತ. ಈಗ ಅರವತ್ತಾರು. ಅಶೋಕಪುರಂನಲ್ಲಿ ಮಗ ವಸಂತನ ಮನೆಯಲ್ಲಿದ್ದಾನೆ.

ಧರಣಿ ವಸಂತನ ಮಗಳು. ಪ್ರಾಣಿಶಾಸ್ತ್ರ ಓದಿ, ಕಾಡಿನ ಸಣ್ಣ ಬೆಕ್ಕುಗಳ ಅಧ್ಯಯನ ಮಾಡುವ ಒಂದು ತಂಡದಲ್ಲಿ ಕೆಲಸಕ್ಕಿದ್ದಾಳೆ. ಯಾದವಗಿರಿಯ ಒಂದು ಹಳೇ ಬಂಗಲೆಯ ಹಿಂದಿನ ಎರಡು ಕೋಣೆ ಅವರ ಆಫೀಸು. ಕಾಡುಬೆಕ್ಕು, ಚುಕ್ಕೆ ಬೆಕ್ಕು ಇಂಥವು ಎಲ್ಲಿ ಎಷ್ಟಿವೆ ಅಂತ ಕ್ಯಾಮೆರಾ ಕಟ್ಟಿ ತಿಳಿಯಬೇಕು. ಅದಕ್ಕೆ ಮೊದಲು ಅಲ್ಲಿ ಅವುಗಳ ಹೊಟ್ಟೆಗೆ ಏನಾದರೂ ಇದೆಯಾ ಅಂತ ನೋಡಬೇಕು. ಹುಲಿಯವರು ಜಿಂಕೆ ಎಣಿಸುತ್ತಾರೆ, ಇವರು ಇಲಿ ಎಣಿಸುತ್ತಾರೆ. ಊರಿಂದ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ ದೂರದ ಅಭಯಾರಣ್ಯದಲ್ಲಿ, ಕೆರೆಯ ಬದಿಗೆ ಹತ್ತು ಹೆಜ್ಜೆಗೊಂದರಂತೆ ಅರವತ್ತು ಅಲ್ಯೂಮಿನಿಯಂ ಬೋನು. ಸಂಜೆ ಇಡುವುದು, ಬೆಳಗಿನ ಜಾವ ನೋಡುವುದು. ಏಳು ರಾತ್ರಿ.

ಬೋನು ಹೊರಲು ಇದ್ದ ವಾಚರ್ ಮೂಗಯ್ಯ ಮಗಳ ಮದುವೆಗೆ ರಜೆ ಹಾಕಿದ್ದರಿಂದ ಧರಣಿ ತಾತನನ್ನು ಕರೆದುಕೊಂಡಿದ್ದಳು. ಅನುಮತಿ ಪತ್ರದಲ್ಲಿ 'ಸಣ್ಣಯ್ಯ, ಕ್ಷೇತ್ರ ಸಹಾಯಕ' ಎಂದು ಬರೆದಿತ್ತು. ಸಣ್ಣಯ್ಯ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಹೆಬ್ಬಾಳದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ ವಸಂತ ಅದನ್ನು ಓದಿ ಹೇಳಿದ್ದು ಒಂದೇ ಮಾತು: "ಬೀದೀಲಿ ಯಾರಾದ್ರೂ ಕೇಳಿದ್ರೆ ಫಾರೆಸ್ಟ್ ಕೆಲ್ಸ ಅನ್ನಪ್ಪ. ಇಲಿ ಅನ್ಬೇಡ."

ಸಣ್ಣಯ್ಯನಿಗೆ ಬೇಜಾರಾಗಲಿಲ್ಲ. ವಸಂತ ಸ್ಕೂಲಿನಲ್ಲಿ ಇಲಿಯ ಹೆಸರಿನಲ್ಲಿ ಅವಮಾನ ಉಂಡದ್ದು ಅವನಿಗೆ ಗೊತ್ತಿತ್ತು. ಆ ಮನೆಯಲ್ಲಿ ಗದ್ದೆಯ ಮಾತು ಕೇಳುವವಳು ಧರಣಿ ಒಬ್ಬಳೇ. ಊಟ ಮಾಡುತ್ತ ಕೇಳುತ್ತಿದ್ದಳು. ಎಂಥ ಇಲಿ, ಯಾವ ತಿಂಗಳು, ಬಿಲಕ್ಕೆ ಎಷ್ಟು ಬಾಯಿ. ಅವಳು ಕೇಳುವುದು ಕೆಲಸಕ್ಕೆ ಅಂತ ಅವನಿಗೆ ಗೊತ್ತಿದ್ದರೂ ಹೇಳುವಾಗ ಅದು ನೆನಪಿರುತ್ತಿರಲಿಲ್ಲ.

ತೊಂದರೆ ಇದ್ದದ್ದು ಇಲ್ಲಿ. ಮೂರು ಕಾಡು ನೋಡುತ್ತಿದ್ದರು, ಕ್ಯಾಮೆರಾ ಇದ್ದದ್ದು ಎರಡಕ್ಕೆ. ಕೆರೆ ಬದಿಯಲ್ಲಿ ಇಲಿ ಸಾಕಷ್ಟು ಸಿಕ್ಕರೆ ಧರಣಿ ಇನ್ನೆರಡು ವರ್ಷ ಮೈಸೂರಿನಲ್ಲೇ. ಸಿಗದಿದ್ದರೆ ಉತ್ತರ ಕನ್ನಡದ ಕಾಡಿಗೆ. ಮೊದಲ ದಿನವೇ ಅವಳು ಇದನ್ನು ಹೇಳಿದ್ದಳು, ಬಸ್ಸಿನ ವೇಳೆ ಹೇಳುವ ಹಾಗೆ. ಅಂದಿನಿಂದ ಸಣ್ಣಯ್ಯ ಬೋನುಗಳನ್ನು ನೋಡುವ ರೀತಿಯೇ ಬೇರೆಯಾಗಿತ್ತು.

"ತೀರ್ಥಹಳ್ಳಿ ಇಂದ ಆಚೆಗಾ ಅದು?" ಎಂದು ಕೇಳಿದ್ದ.

"ಇನ್ನೂ ಆಚೆ ತಾತ."

ಸಂಜೆ ಬೋನಿಗೆ ತಿನಿಸು ಇಡುವಾಗ ಅವನಿಗೆ ನಗು ಬರುತ್ತಿತ್ತು. ಕಡಲೆಕಾಯಿ ಬೆಣ್ಣೆಗೆ ಓಟ್ಸ್ ಕಲೆಸಿ ಗೋಲಿಯಂತೆ ಉಂಡೆ. "ನಮ್ಮಪ್ಪ ಸಾಯೋವರ್ಗೂ ಇಂಥ ಉಂಡೆ ತಿನ್ನಲಿಲ್ಲ. ಬಿಲದ ಬಾಯಿ ನೋಡಿ ಕೈ ಹಾಕೋ ಅಂದ್ರೆ ನಿಮಿಷದಲ್ಲಿ ತಂದುಕೊಡ್ತೀನಿ, ಇದೇನು ಇಲಿಗೆ ಸೀಮಂತ?"

"ನೀನು ಕೈ ಹಾಕಿದ್ರೆ ಅದು ನಿನ್ನ ಕೈಯ ಲೆಕ್ಕ. ಮೂರೂ ಕಾಡಲ್ಲಿ ಅಷ್ಟೇ ಬೋನು, ಅದೇ ಉಂಡೆ, ಅಷ್ಟೇ ರಾತ್ರಿ ಇರ್ಬೇಕು. ಆಗ ಮಾತ್ರ ಇಲ್ಲಿ ಹೆಚ್ಚು ಅಲ್ಲಿ ಕಮ್ಮಿ ಅನ್ಬೋದು."

"ಏನೂ ಬೀಳ್ದಿದ್ರೆ?"

"ಸೊನ್ನೆ ಅಂತ ಬರೀತೀನಿ."

"ಏನೂ ಇಲ್ಲ ಅಂತ ಬರೆಯಕೆ ಇಷ್ಟು ಓದ್ಬೇಕಾ?"

"ಅದಕ್ಕೇ ತಾತ ಓದ್ಬೇಕಾಗಿರೋದು."

ಸಣ್ಣಯ್ಯನ ಕಾಲದಲ್ಲಿ ಸೊನ್ನೆ ಅನ್ನುವುದು ಇರಲಿಲ್ಲ. ಭತ್ತ ಕುಯ್ದು ಗದ್ದೆ ಒಣಗಿದ ಮೇಲೆ, ಈಗಿನಂತೆಯೇ ಸಂಕ್ರಾಂತಿ ಕಳೆದ ದಿನಗಳಲ್ಲಿ, ಅವನೂ ಹೆಂಡತಿ ಚಿಕ್ಕತಾಯಮ್ಮನೂ ಮಂಜು ಹರಿಯುವ ಮೊದಲೇ ಬದುವಿಗೆ ಇಳಿಯುತ್ತಿದ್ದರು. ಹೊಸ ಮಣ್ಣು ಮೆತ್ತಿದ ಬಾಯಿ ಯಾವುದು, ಹಳೇದು ಯಾವುದು ಅಂತ ಅವಳಿಗೆ ದೂರದಿಂದಲೇ ತಿಳಿಯುತ್ತಿತ್ತು. ಮಿಕ್ಕ ಬಾಯಿಗಳಿಗೆಲ್ಲ ಮಣ್ಣು ತುಳಿದು, ಉಳಿದ ಒಂದಕ್ಕೆ ತಳ ತೂತಾದ ಮಡಕೆ ಕವುಚಿ, ಅದರೊಳಗೆ ಹಸಿಹುಲ್ಲಿನ ಹೊಗೆ ಹಾಕಿ ಊದುತ್ತಿದ್ದಳು. ಊದಿ ಊದಿ ಅವಳ ಕಣ್ಣು ಕೆಂಪಗಾಗಿ, ಮೂಗಿಗೆ ಮಸಿ ಹತ್ತಿ, ನೋಡಿದರೆ ಯಾರೋ ಹೊಡೆದಂತಿರುತ್ತಿತ್ತು. ಹೊಗೆಗೆ ಮಂಕಾದ ಇಲಿಗಳನ್ನು ಸಣ್ಣಯ್ಯ ಬರಿಗೈಯಲ್ಲಿ ಹಿಡಿಯುತ್ತಿದ್ದ. ಆಮೇಲೆ ಬಿಲ ಅಗೆಯುವುದು. ತಳದಲ್ಲಿ ಇಲಿಯ ಕಣಜ. ಭತ್ತದ ತೆನೆಗಳನ್ನು ಬುಡ ಒಂದು ಕಡೆ ತುದಿ ಒಂದು ಕಡೆ ಮಾಡಿ ಒತ್ತೊತ್ತಾಗಿ ಜೋಡಿಸಿರುತ್ತಿದ್ದವು. ಗೌಡರ ಕಣದಲ್ಲೂ ಅಷ್ಟು ಒಪ್ಪ ಇರುತ್ತಿರಲಿಲ್ಲ. ಒಂದೊಂದು ಬಿಲಕ್ಕೆ ಎರಡು ಸೇರು ಭತ್ತ. ಇಲಿ ಸಂಜೆಯ ಸಾರಿಗೆ, ಭತ್ತ ಎರಡು ತಿಂಗಳ ಗಂಜಿಗೆ. ವಸಂತ ಹುಟ್ಟಿದ ವರ್ಷ ಬಾಣಂತಿ ಉಂಡದ್ದೂ ಆ ಅಕ್ಕಿಯನ್ನೇ.

ಆ ಬದುವಿನ ಮೇಲೆ ಒಂದು ಕಾಡುಬೆಕ್ಕು ಬಂದು ಕೂರುತ್ತಿತ್ತು. ಹುಲ್ಲಿನ ಬಣ್ಣದ್ದು, ಉದ್ದ ಕಾಲು, ಮೋಟು ಬಾಲ. ಹತ್ತು ಮಾರು ದೂರದಲ್ಲಿ ಕೂತು, ಸಣ್ಣಯ್ಯನ ಕೈ ತಪ್ಪಿದ ಇಲಿಯನ್ನು ಹಾರಿ ಹಿಡಿದುಕೊಂಡು ಹೋಗುತ್ತಿತ್ತು. ಚಿಕ್ಕತಾಯಮ್ಮ ಅದಕ್ಕೆ "ಶಾನುಭೋಗ" ಎಂದು ಹೆಸರಿಟ್ಟಿದ್ದಳು, ಕೆಲಸ ಮಾಡದೆ ಪಾಲು ತಗೊಳ್ಳುತ್ತದೆ ಅಂತ. ಆಮೇಲೆ ಗದ್ದೆಗೆ ಇಲಿ ಪಾಷಾಣ ಬಂತು. ಇಲಿ ಸತ್ತವು, ಸತ್ತ ಇಲಿ ತಿಂದು ಶಾನುಭೋಗನೂ ಸತ್ತ. ಸಣ್ಣಯ್ಯ ಮೈಸೂರಿನ ಬಸ್ಸು ಹತ್ತಿದ.

ಅವರಲ್ಲಿ ಒಂದು ಪದ್ಧತಿ ಇತ್ತು. ಒಂದೊಂದು ಬದುವಿನಲ್ಲೂ ಕೊನೆಯ ಬಿಲ ಮುಟ್ಟುತ್ತಿರಲಿಲ್ಲ. ಎಷ್ಟೇ ಹಸಿವಿದ್ದರೂ, ಹೊಸ ಮಣ್ಣು ಕಣ್ಣಿಗೆ ಹೊಡೆಯುತ್ತಿದ್ದರೂ ದಾಟಿ ಹೋಗಬೇಕು. "ಬಿತ್ತನೆಗೆ ಬುಡು," ಅನ್ನುತ್ತಿದ್ದ ಸಣ್ಣಯ್ಯನ ಅಪ್ಪ. ಬೇರೆ ಕೇರಿಯವರು ಗದ್ದೆಯಿಂದ ಗದ್ದೆಗೆ ಬಸುರಿ ಇಲಿ ಸಾಗಿಸಿ ಬಿಡುತ್ತಿದ್ದದ್ದೂ ಉಂಟು, ಇಲಿ ಕಮ್ಮಿಯಾದ ವರ್ಷ.

ನಾಲ್ಕನೆಯ ಬೆಳಗಿನ ಖಾಲಿ ಬೋನು ನೋಡಿಕೊಂಡು ಮನೆಗೆ ಬಂದ ಸಣ್ಣಯ್ಯನಿಗೆ ನೆನಪಾದದ್ದು ಇದೇ. ಮಧ್ಯಾಹ್ನ ಉಂಡವನೇ ದೇವರಾಜ ಮೊಹಲ್ಲಾಕ್ಕೆ ಹೋದ.

ಮಳಿಗೆಯಲ್ಲಿ ಈಗ ಹಳೇ ಸಾಹುಕಾರರ ಮಗ ಸುದರ್ಶನ ಕೂರುತ್ತಿದ್ದ. "ಏನ್ ಸಣ್ಣಯ್ಯ, ಕೆಲ್ಸ ಬಿಟ್ಟು ಎಂಟು ವರ್ಷ ಆದ್ಮೇಲೆ ನಮ್ಮ ನೆನಪಾಯ್ತಾ?"

"ಎರಡು ಇಲಿ ಬೇಕಿತ್ತು ಸಾವ್ಕಾರ್ರೇ."

"ಎರಡಾ? ಇನ್ನೂರು ತಗೊಂಡೋಗು. ಏನು, ಗಣಪತಿಗೆ ವಾಹನ ಕೆಟ್ಟೋಯ್ತಾ?"

"ಮೊಮ್ಮಗಳ ಆಫೀಸಿಗೆ."

"ಆಫೀಸಲ್ಲಿ ಇಲಿ ಇಲ್ವಾ? ಎಂಥಾ ಆಫೀಸಯ್ಯ ಅದು!"

ಹಿಂದಿನ ಗೋಡೌನಿನಲ್ಲಿ ಅರಿಶಿನದ ಮೂಟೆಗಳ ಸಂದು. ಸಣ್ಣಯ್ಯ ಮೊಣಕಾಲೂರಿ, ಗೋಣಿಚೀಲ ಕೈಗೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಕಾದ. ನಲವತ್ತು ವರ್ಷದ ಹಿಂದಿನ ಕೈ ಅದು. ಮಂಡಿ ನೋಯುತ್ತಿತ್ತು, ಕೈ ನೋಯಲಿಲ್ಲ. ಮೊದಲನೆಯದು ಕಚ್ಚುವ ಮೊದಲೇ ಕುತ್ತಿಗೆ ಸಿಕ್ಕಿತು. ಎರಡನೆಯದಕ್ಕೆ ಅರ್ಧ ಗಂಟೆ ಹಿಡಿಯಿತು. ಯಾಕೆಂದರೆ ಅವನಿಗೆ ಹೆಣ್ಣೇ ಬೇಕಿತ್ತು.

ಸಂಜೆ ಸ್ಕೂಟರಿನ ಹಿಂದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ತಾತ, ಚೀಲದಲ್ಲೇನು?"

"ಟವಲ್ಲು."

"ಟವಲ್ಲು ಕಿಚ್ ಅಂತು."

"ನಿನ್ನ ಸ್ಕೂಟರ್ ಅಂತು. ಸರ್ವೀಸ್ ಮಾಡ್ಸು."

ಬೋನಿಡುವಾಗ ಒಂದರಿಂದ ನಲವತ್ತು ಅವಳ ಪಾಲು, ಮಿಕ್ಕ ಇಪ್ಪತ್ತು ಇವನ ಪಾಲು. ಅವಳು ಲಂಟಾನದ ಪೊದೆಯ ಆಚೆಗೆ ಹೋಗುವ ತನಕ ಕಾದು, ನಲವತ್ತೊಂದಕ್ಕೆ ಗಂಡನ್ನೂ ನಲವತ್ತೇಳಕ್ಕೆ ಹೆಣ್ಣನ್ನೂ ಹಾಕಿ ಬಾಗಿಲು ಮುಚ್ಚಿದ. ಅವತ್ತು ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಆರೂಕಾಲಿಗೆ ಧರಣಿ ನಲವತ್ತೊಂದನ್ನು ಎತ್ತಿದಳು. ತೂಕಕ್ಕೆ ಅವಳ ಕೈ ಕೆಳಗೆ ಹೋಯಿತು.

"ತಾತ! ತಾತ, ಬಿದ್ದಿದೆ! ದೊಡ್ಡದು!"

"ಬೀಳ್ದೆ ಏನು," ಅಂದ ಸಣ್ಣಯ್ಯ. ಅವಳು ಬಟ್ಟೆಯ ಚೀಲದ ಬಾಯನ್ನು ಬೋನಿಗೆ ಹೊಂದಿಸಿ ಬಾಗಿಲು ತೆರೆದಳು. ಚಿಕ್ಕತಾಯಮ್ಮ ಮಡಕೆ ಎತ್ತಿ ಬಿಲದೊಳಗೆ ಇಣುಕುತ್ತಿದ್ದದ್ದು ಹೀಗೆಯೇ, ತುಟಿ ಕಚ್ಚಿಕೊಂಡು. ಸಣ್ಣಯ್ಯ ನೋಡುತ್ತ ನಿಂತ. ಅದರ ಮುಂದೆ ಏನಾಗುತ್ತದೆ ಅಂತ ಅವನು ಯೋಚಿಸಿರಲೇ ಇಲ್ಲ.

ಧರಣಿ ಇಲಿಯ ಕುತ್ತಿಗೆಯನ್ನು ಬಟ್ಟೆಯ ಮೇಲಿಂದ ಹಿಡಿದು ಅಂಗಾತ ಮಾಡಿದಳು. ಹೊಟ್ಟೆ ಹಳದಿ.

"ಹಳದಿ ಹೊಟ್ಟೆ... ಇಂಥದ್ದು ಪುಸ್ತಕದಲ್ಲೇ ಇಲ್ಲ," ಅಂದಳು. ಫೋನು ತೆಗೆದು ಫೋಟೋ ಹಿಡಿದಳು. ಪಂಜ ನೋಡಿದಳು, ಉಗುರಿನ ಸಂದೂ ಹಳದಿ. ಬೋನಿನೊಳಗೆ ಬಿದ್ದಿದ್ದ ಹಿಕ್ಕೆಯೂ ಹಳದಿ. ಬಗ್ಗಿ ಮೂಸಿದಳು. ಆಮೇಲೆ ಫೋನು ಜೇಬಿಗೆ ಹಾಕಿದಳು.

"ತಾತ. ನಿನ್ನೆ ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ?"

ಸಣ್ಣಯ್ಯನಿಗೆ ಸುಳ್ಳು ಸಿಗಲಿಲ್ಲ. "ಇನ್ನೊಂದು ನಲವತ್ತೇಳರಲ್ಲಿ ಅದೆ," ಅಂದ.

ಧರಣಿ ನಕ್ಕುಬಿಟ್ಟಳು. ನಗು ಅರ್ಧದಲ್ಲೇ ಕೆಟ್ಟಿತು. "ಅರಿಶಿನದ ಇಲಿ! ನಾನು ಹೊಸ ಜಾತಿ ಅಂತ ನಮ್ಮ ಆಫೀಸ್ ಮೇಡಂಗೆ ಫೋಟೋ ಕಳಿಸ್ತಾ ಇದ್ದೆ. ಯಾಕ್ ತಾತ ಹಿಂಗ್ ಮಾಡಿದೆ?"

"ಎರಡೇ ಕಣವ್ವ. ಎರಡು ಇಲೀಲಿ ಯಾರ ಗಂಟು ಹೋಯ್ತದೆ? ಗಂಡು ಒಂದು ಹೆಣ್ಣು ಒಂದು ನೋಡೇ ತಂದಿದ್ದೀನಿ. ಈ ವರ್ಷ ಎರಡು, ಬರೋ ವರ್ಷ ಇನ್ನೂರು. ಬಿತ್ತನೆ ಅಂದ್ಕೊ."

"ಇದು ಗದ್ದೆ ಅಲ್ಲ! ಪೇಟೆ ಇಲಿ ಪೇಟೆ ರೋಗ ತರುತ್ತೆ. ಇಲ್ಲಿರೋ ಒಂದೆರಡು ಚಿಟ್ಟಿಲಿನೂ ಸತ್ತು, ಅದನ್ನ ತಿಂದ ಬೆಕ್ಕೂ ಸಾಯುತ್ತೆ. ಹೆಂಗೆ ಅಂತ ನೀನೇ ಹೇಳಿದ್ದೀಯಲ್ಲ ನಂಗೆ?"

ಸತ್ತ ಶಾನುಭೋಗನನ್ನು ಬದುವಿನ ಪಕ್ಕದಲ್ಲಿ ನೋಡಿದವನು ಸಣ್ಣಯ್ಯನೇ. ಬಾಯಲ್ಲಿ ನೊರೆ ಇತ್ತು.

"ಇಲ್ಲೇ ಇರ್ಲಿ ಅಂತ ಮಾಡ್ದೆ," ಅಂದ. "ನೀನು."

ಧರಣಿ ಇಲಿಯನ್ನು ಬೋನಿಗೆ ವಾಪಸು ತುಂಬಿ ಬಾಗಿಲಿಗೆ ದಾರ ಸುತ್ತಿದಳು. ನಲವತ್ತೇಳಕ್ಕೂ ಹಾಗೇ ಮಾಡಿದಳು. ಬೇರೆ ಬೋನುಗಳಲ್ಲಿ ಏನೂ ಇರಲಿಲ್ಲ.

ಅಭಯಾರಣ್ಯದ ಗೇಟಿನ ಎದುರಿನ ಟೀ ಅಂಗಡಿಯಿಂದ ಅವಳು ತಂಡದ ಮುಖ್ಯಸ್ಥೆ ಶಾಲಿನಿ ಮೇಡಂಗೆ ಫೋನ್ ಮಾಡಿದಳು. ಹೇಳದಿದ್ದರೂ ನಡೆಯುತ್ತಿತ್ತು, ಇಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸಣ್ಣಯ್ಯ ಟೀ ಲೋಟ ಹಿಡಿದುಕೊಂಡು ಕೇಳಿಸಿಕೊಂಡ. "ಹೌದು ಮೇಡಂ, ನಮ್ಮ ತಾತ... ಇಲ್ಲ, ತಪ್ಪು ನಂದೇ. ಸಾಲಿನ ಕೊನೇನ ನಾನು ನೋಡ್ಬೇಕಿತ್ತು... ಸರಿ ಮೇಡಂ." ಫೋನಿಟ್ಟು ಬಂದು ಹೇಳಿದಳು: ಈ ರಾತ್ರಿಯ ಲೆಕ್ಕ ರದ್ದು, ಬದಲಿಗೆ ಇನ್ನೊಂದು ರಾತ್ರಿ. ಆ ಎರಡು ಬೋನು ಕುದಿಯುವ ನೀರಿನಲ್ಲಿ ತೊಳೆಯಬೇಕು. ತಾತ ಇನ್ನು ಬೋನು ಮುಟ್ಟುವಂತಿಲ್ಲ.

"ಬರಲೂಬಾರ್ದಾ?"

"ಬಾ. ಫಾರೆಸ್ಟಿನವರ ಗುಡಿಸಲ ಹತ್ರ ಕೂತ್ಕೊ. ಒಬ್ಳೇ ಹೋಗೋದಕ್ಕೆ ನಂಗೂ ಬೇಜಾರು."

ಇಲಿಗಳನ್ನು ಎಲ್ಲಿಂದ ತಂದನೋ ಅಲ್ಲಿಗೇ ಮುಟ್ಟಿಸುವ ಕೆಲಸ ಸಣ್ಣಯ್ಯನಿಗೆ ಬಂತು. ಬೋನು ಹಿಡಿದು ಗೋಡೌನಿನ ಬಾಗಿಲಲ್ಲಿ ನಿಂತಾಗ ಸುದರ್ಶನ ಗಲ್ಲಾ ಬಿಟ್ಟು ಎದ್ದೇ ಬಂದ. "ಏನಯ್ಯಾ ಇದು! ತೊಲಗಿದ ಶನಿನ ಮೆರವಣಿಗೇಲಿ ಕರ್ಕೊಂಡು ಬಂದಿದ್ದೀಯಲ್ಲ?"

"ಆಫೀಸಲ್ಲಿ ತಗೊಳ್ಳಲಿಲ್ಲ ಸಾವ್ಕಾರ್ರೇ."

"ಯಾಕೆ, ಇಂಟರ್ವ್ಯೂನಲ್ಲಿ ಫೇಲಾ?"

ಸಣ್ಣಯ್ಯ ದಾರ ಬಿಚ್ಚಿದ. ಎರಡೂ ಇಲಿ ಅರಿಶಿನದ ಮೂಟೆಯ ಸಂದಿಗೆ ನುಗ್ಗಿದವು. ಸುದರ್ಶನನ ಬೈಗುಳ ಮಾರ್ಕೆಟ್ಟಿನ ಹೂವಿನ ಸಾಲಿನವರೆಗೂ ಕೇಳಿಸುತ್ತಿತ್ತು.

ಉಳಿದ ಮೂರು ಬೆಳಗು ಸಣ್ಣಯ್ಯ ಇಲಾಖೆಯ ಗುಡಿಸಲ ಮುಂದಿನ ಕಲ್ಲಿನ ಮೇಲೆ ಕೂತ. ಕೆರೆಯ ಮೇಲೆ ಮಂಜು ಇರುತ್ತಿತ್ತು. ಧರಣಿ ಒಬ್ಬಳೇ ಸಾಲಿಗೆ ಹೋಗಿ ಬರಲು ಐವತ್ತು ನಿಮಿಷ ಹಿಡಿಯುತ್ತಿತ್ತು. ಕೂತಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಹುಲ್ಲು ಮಾತ್ರ. ಆ ಹುಲ್ಲಿನಲ್ಲಿ ದಾರಿ ಬಿದ್ದಿರಲಿಲ್ಲ, ಹೊಸ ಮಣ್ಣು ಇರಲಿಲ್ಲ, ಕಡಿದ ಕಾಳಿನ ಸಿಪ್ಪೆ ಇರಲಿಲ್ಲ. ಇದನ್ನು ಅವನು ಮೊದಲ ದಿನವೇ ನೋಡಿದ್ದ. ಇಲ್ಲಿ ಇಲಿ ಇಲ್ಲ ಅಂತ ಅವನ ಕಣ್ಣಿಗೆ ಅವತ್ತೇ ಗೊತ್ತಾಗಿತ್ತು. ಬಾಯಿ ಮಾತ್ರ ಒಪ್ಪಿರಲಿಲ್ಲ. ಗದ್ದೆಯಲ್ಲಾಗಿದ್ದರೆ ಚಿಕ್ಕತಾಯಮ್ಮ ಮಡಕೆ ಸೊಂಟಕ್ಕೇರಿಸಿ, "ಎದ್ದೇಳಿ, ಇಲ್ಲೇನೂ ಇಲ್ಲ, ಮುಂದಿನ ಬದುಗೆ ನಡೀರಿ," ಅಂದುಬಿಡುತ್ತಿದ್ದಳು. ಅವಳು ಸತ್ತು ಆರು ವರ್ಷ. ಬದು ಮುಗಿದ ಮೇಲೂ ಕೂತಿರುವ ಚಾಳಿ ಅವಳಿಗೆ ಇರಲಿಲ್ಲ.

ಕೊನೆಯ ದಿನ ಧರಣಿ ಬಂದು ಕಲ್ಲಿನ ಮೇಲೆ ಪಕ್ಕದಲ್ಲಿ ಕೂತಳು. ಪುಸ್ತಕ ತೆಗೆದು ಕೂಡಿದಳು.

"ಇವತ್ತು ಎರಡು ಚಿಟ್ಟಿಲಿ. ಒಂದಕ್ಕೆ ಬೆನ್ನ ಮೇಲೆ ಗುರುತಿತ್ತು."

"ಕ್ಷೌರ ಆದದ್ದಾ?"

"ಅದೇ. ಅಲ್ಲಿಗೆ ಒಟ್ಟು ಎರಡೇ ಇಲಿ ತಾತ, ಮೂರು ಸಲ ಬಿದ್ದಿದೆ. ನಾನೂರಿಪ್ಪತ್ತು ಬೋನಿಗೆ."

"ಯಾಕಂತೆ? ಯಾರಾದ್ರೂ ಪಾಷಾಣ ಹಾಕವ್ರಾ?"

"ಅದು ನಂಗೆ ಗೊತ್ತಿಲ್ಲ. ಇಲ್ಲ ಅಂತ ಹೇಳ್ಬೋದು. ಯಾಕಿಲ್ಲ ಅಂತ ಇಷ್ಟರಲ್ಲಿ ಹೇಳಕ್ಕಾಗಲ್ಲ."

ಸಣ್ಣಯ್ಯ ಬಗ್ಗಿ ನೋಡಿದ. ಅವಳ ಪುಸ್ತಕದ ಪುಟ ತುಂಬ ಸೊನ್ನೆ, ಸಾಲಿಗೆ ಸಾಲು, ಒಪ್ಪವಾಗಿ ಬರೆದಿದ್ದವು.

"ಆ ಕಡೆ ಕಾಡಲ್ಲಿ ಇಲಿ ಅವಾ?"

"ಬೇಕಾದಷ್ಟಿವೆ ಅಂತಾರೆ. ಒಂದೇ ರಾತ್ರೀಲಿ ಹದಿನಾಲ್ಕು ಬಿದ್ದಿತ್ತಂತೆ."

"ಹದಿನಾಕಾ?" ಸಣ್ಣಯ್ಯನ ಮುಖ ಒಂದು ಕ್ಷಣ ಗದ್ದೆಯವನ ಮುಖವಾಯಿತು. "ಹಂಗಾದ್ರೆ ಇಲ್ಲಿ ಕೂತು ಏನ್ ಮಾಡ್ತೀಯವ್ವ? ಹೋಗು. ಯಾವಾಗ್ಲಿಂದ?"

"ಒಂದನೇ ತಾರೀಕಿಂದ."

"ಅಲ್ಲಿ ಚಳಿ ಜಾಸ್ತಿ. ನಮ್ಮಜ್ಜಿ ರಗ್ಗು ತಗೊಂಡೋಗು." ಚಿಕ್ಕತಾಯಮ್ಮನನ್ನು ಮೊಮ್ಮಗಳ ಮುಂದೆ ಅವನು ಕರೆಯುತ್ತಿದ್ದದ್ದೇ ಹಾಗೆ.

"ಅದು ಇಲಿ ಕಡಿದು ತೂತಾಗಿದೆ ತಾತ."

"ನಮ್ಮನೇಲಿ ಇಲಿನಾ?" ಅಂದ ಸಣ್ಣಯ್ಯ. ಇಬ್ಬರೂ ನಕ್ಕರು, ಧರಣಿಗೆ ನಗು ನಿಲ್ಲಿಸಲು ಸ್ವಲ್ಪ ಕಷ್ಟವಾಯಿತು, ಮೂಗು ಒರೆಸಿಕೊಂಡಳು. ಸಣ್ಣಯ್ಯ ನೋಡದವನಂತೆ ಕೆರೆಯ ಕಡೆ ತಿರುಗಿದ.

ಬಿಸಿಲು ಹುಲ್ಲಿಗೆ ಬಂದಿತ್ತು. ಅರವತ್ತು ಬೋನು ಎತ್ತಿ, ಒಳಗಿನ ಉಂಡೆ ಕೆರೆದು ಒರೆಸಿ, ಮಡಚಿ, ಗುಡಿಸಲಿಗೆ ತಂದು ಹಾಕುವ ಕೆಲಸ ಬಾಕಿ ಇತ್ತು. ಧರಣಿ ಎದ್ದಳು.

"ಈಗ ಮುಟ್ಬೋದಾ?" ಅಂತ ಕೇಳಿದ ಸಣ್ಣಯ್ಯ.

"ಲೆಕ್ಕ ಮುಗೀತು. ಈಗ ಮುಟ್ಬೋದು."

ಅವನು ಪಂಚೆ ಎತ್ತಿ ಕಟ್ಟಿದ. ಅರವತ್ತರಿಂದ ಹಿಂದಕ್ಕೆ ಎತ್ತಿಕೊಂಡು ಬರುತ್ತೇನೆ, ನೀನು ಒಂದರಿಂದ ಬಾ ಅಂತ ಹೇಳಿ ಸಾಲಿನ ಆಚೆ ತುದಿಗೆ ಹೊರಟ.